ವಾದ್ಯ ಸರ್ಕಾರದ್ದು, ತುಟಿ ನಮ್ಮದು

ಹೋದ ನವೆಂಬರ್ 1ರಂದು ಸೋಲದೇವನಹಳ್ಳಿಯ ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ, ಸುಮಾರು ಇನ್ನೂರು ಜನರ ಎದುರಿಗೆ, ನನ್ನ ಮಾನ ಹೋಯಿತು. ಈ ಬರಹ ಹುಟ್ಟಿದ್ದೇ ಅಲ್ಲಿಂದ.

ಆಗಿದ್ದು ಇಷ್ಟು. ನಾನು ಟ್ರಂಪೆಟ್ ಕಲಿಯೋಕೆ ಶುರು ಮಾಡಿ ಮೂರು ವರ್ಷ ಆಯ್ತು. ಹಗಲೆಲ್ಲ ಕೋಡು ಕುಟ್ಟುವುದು, ರಾತ್ರಿ ಅಕ್ಕಪಕ್ಕದವರ ಶಾಪ ಹಾಕಿಸಿಕೊಳ್ಳುವುದು :) ಈ ನಡುವೆ ಗೆಳೆಯನೊಬ್ಬ ಕೆಲಸದ ಮೇಲೆ ಹೊರದೇಶಕ್ಕೆ ಹೋಗುವಾಗ ತನ್ನ ಹಳೇ ಫ್ಲೂಗಲ್‌ಹಾರ್ನ್ ಅನ್ನು ಅರ್ಧ ಬೆಲೆಗೆ ನನಗೆ ದಾಟಿಸಿ ಹೋದ. ಎರಡನ್ನೂ ನುಡಿಸುತ್ತೇನೆ ಅಂತ ಬಡಾವಣೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ರಾಜ್ಯೋತ್ಸವದ ದಿನ ಧ್ವಜ ಏರಿಸಬೇಕಾದ ಅತಿಥಿಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡರು. "ಅವ್ರು ಬರೋ ತನಕ ಏನಾದ್ರೂ ಊದಪ್ಪಾ" ಅಂದರು ಸಂಘದ ಅಧ್ಯಕ್ಷರು. ಫ್ಲೂಗಲ್‌ಹಾರ್ನ್ ತೆಗೆದು ಇಪ್ಪತ್ತು ನಿಮಿಷ ಹಳೇ ಚಿತ್ರಗೀತೆಗಳನ್ನು ನುಡಿಸಿದೆ. ಚೆನ್ನಾಗೇ ಬಂತು. ಆಮೇಲೆ ಅತಿಥಿಗಳು ಬಂದರು, ಎಲ್ಲರೂ ಎದ್ದು ನಿಂತರು, ನಾನು ಟ್ರಂಪೆಟ್ ಎತ್ತಿಕೊಂಡು ನಾಡಗೀತೆಯ ಮೊದಲ ಸ್ವರ ಊದಿದೆ.

ಸ್ವರ ಒಡೆದು ಎರಡು ಹೋಳಾಯಿತು. ಎರಡನೆಯದೂ ಅಷ್ಟೇ. ಮುಂದಿನ ಸಾಲಿನಲ್ಲಿದ್ದ ಪುಟ್ಟ ಹುಡುಗನೊಬ್ಬ "ಅಮ್ಮಾ, ಆನೆ!" ಅಂದ. ಉಳಿದ ಕಥೆ ಬೇಡ.

ಮಾರನೇ ದಿನ ಮೇಷ್ಟ್ರ ಮನೆಗೆ ಹೋಗಿ ಅತ್ತುಕೊಂಡೆ. ನನ್ನ ಮೇಷ್ಟ್ರು ಒಂದು ಸಮವಸ್ತ್ರದ ಬ್ಯಾಂಡಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಯಾವ ಬ್ಯಾಂಡು ಅಂತ ಬರೀಬೇಡ ಅಂದಿದ್ದಾರೆ. ನನ್ನ ಎರಡೂ ಮೌತ್‌ಪೀಸ್‌ಗಳನ್ನು ತೆಗೆದುಕೊಂಡು, ಕಣ್ಣು ಮುಚ್ಚಿ, ಅವುಗಳ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಬಳೆಯಂಗಡಿಯವರು ಬಳೆ ನೋಡುವ ಹಾಗೆ.

"ಎರಡು ಮನೆ ಊಟ ಮಾಡ್ತಿದ್ಯಲ್ಲಪ್ಪಾ" ಅಂದರು. "ವಾದ್ಯ ಎರಡಿರಲಿ, ಹತ್ತಿರಲಿ. ತುಟಿ ಒಂದೇ ತಾನೆ?"

ಟ್ರಂಪೆಟ್ಟು, ಫ್ಲೂಗಲ್‌ಹಾರ್ನು ಅಂದ್ರೆ ಏನು ವ್ಯತ್ಯಾಸ ಅನ್ನುವವರಿಗೆ ಎರಡು ಮಾತು. ಎರಡಕ್ಕೂ ಮೂರು ವಾಲ್ವು, ಬೆರಳಿನ ಲೆಕ್ಕ ಒಂದೇ, ಕೊಳವೆ ಬಿಚ್ಚಿ ಅಳೆದರೆ ಉದ್ದವೂ ಹತ್ತಿರ ಹತ್ತಿರ ಒಂದೇ, ಒಂದೂವರೆ ಮೀಟರಿಗೆ ಸ್ವಲ್ಪ ಕಡಿಮೆ. ವ್ಯತ್ಯಾಸ ಇರುವುದು ಕೊಳವೆಯ ಆಕಾರದಲ್ಲಿ. ಟ್ರಂಪೆಟ್ಟಿನ ಕೊಳವೆ ಬಹುದೂರ ಒಂದೇ ಅಗಲದಲ್ಲಿ ಹೋಗಿ ಕೊನೆಗೆ ಅರಳುತ್ತದೆ. ಫ್ಲೂಗಲ್‌ಹಾರ್ನಿನದ್ದು ಶುರುವಿನಿಂದಲೇ ಮೆಲ್ಲಗೆ ಅಗಲವಾಗುತ್ತಾ ಹೋಗುತ್ತದೆ. ಹಾಗಾಗಿ ಟ್ರಂಪೆಟ್ಟಿನ ದನಿ ಮಿಂಚು, ಫ್ಲೂಗಲ್ಲಿನ ದನಿ ಮುಸ್ಸಂಜೆ.

ಇನ್ನು ಮೌತ್‌ಪೀಸು. ಕ್ಲಾರಿನೆಟ್ಟು, ಸ್ಯಾಕ್ಸೋಫೋನಿನಲ್ಲಿ ರೀಡು ಕಂಪಿಸಿದರೆ, ನಾಗಸ್ವರದಲ್ಲಿ ಸೀವಾಳಿ ಕಂಪಿಸುತ್ತದೆ. ನಮ್ಮಲ್ಲಿ ಕಂಪಿಸುವುದು ಸ್ವಂತ ತುಟಿಯೇ. ಆ ತುಟಿ ಕೂರುವ ಬಳೆಗೆ ರಿಮ್ ಅಂತಾರೆ. ಅದರೊಳಗಿನ ಬಟ್ಟಲು ಕಪ್, ಬಟ್ಟಲಿನ ತಳದ ತೂತು ಗಂಟಲು, ವಾದ್ಯದೊಳಕ್ಕೆ ತೂರುವ ಬಾಲ ಶ್ಯಾಂಕ್. ಟ್ರಂಪೆಟ್ಟಿನ ಕಪ್ ಸಾಮಾನ್ಯವಾಗಿ ಬೋಗುಣಿಯ ಹಾಗೆ, ಫ್ಲೂಗಲ್ಲಿನದ್ದು ಆಳವಾದ ಆಲಿಕೆಯ ಹಾಗೆ. ಇಷ್ಟು ಗೊತ್ತಿದ್ದರೆ ಸಾಕು, ಮುಂದೆ ಹೋಗೋಣ.

ನನಗೆ ಕೊರೆಯತೊಡಗಿದ್ದು ಒಂದೇ ಪ್ರಶ್ನೆ. ರಿಮ್ ತುಟಿಗೆ ಸೇರಿದ್ದು, ಕಪ್ಪು ವಾದ್ಯಕ್ಕೆ ಸೇರಿದ್ದು ಅನ್ನುವುದು ಇಷ್ಟು ಸರಳವಾದ ಮಾತಾದರೆ, ಎರಡು ವಾದ್ಯಕ್ಕೂ ಒಂದೇ ರಿಮ್ಮಿನ ಮೌತ್‌ಪೀಸನ್ನು ಜನ ಮೊದಲಿಂದಲೇ ಯಾಕೆ ಮಾಡಲಿಲ್ಲ? ಹುಡುಕುತ್ತಾ ಹೋದ ಹಾಗೆ ಇದಕ್ಕೊಂದು ಚರಿತ್ರೆಯೇ ಇದೆ ಅಂತ ಗೊತ್ತಾಯ್ತು.

ನಮ್ಮ ಜಾತ್ರೆಗಳ ಕೊಂಬು ಕಹಳೆಗಳನ್ನೇ ನೋಡಿ. ಬಾಯಿಯ ಬಟ್ಟಲು ಕೊಳವೆಗೇ ಸೇರಿಕೊಂಡಿರುತ್ತದೆ. ವಾದ್ಯ ಬದಲಾಯಿತೋ, ಅಂಚೂ ಬದಲಾಯಿತು. ಯುರೋಪಿನ ಟ್ರಂಪೆಟ್ಟಿಗೆ ಬೇರೆ ಮೌತ್‌ಪೀಸು ಬಹಳ ಹಿಂದೆಯೇ ಬಂದಿತ್ತು, ಆದರೆ ಅದೂ ಆ ವಾದ್ಯದ ಒಂದು ಅಂಗವೇ. ಮಾಡಿದವನು ಜೊತೆಗೆ ಏನು ಕೊಟ್ಟನೋ ಅದು.

ಫ್ಲೂಗಲ್‌ಹಾರ್ನ್ ಬಂದದ್ದು ಬೇರೆ ಮನೆತನದಿಂದ. ಜರ್ಮನ್ ಭಾಷೆಯಲ್ಲಿ ಫ್ಲೂಗಲ್ ಅಂದರೆ ರೆಕ್ಕೆ. ಬೇಟೆಯ ಗುಂಪಿನ ಬಲ ಎಡ ಪಕ್ಕಗಳಿಗೆ ಸೂಚನೆ ಕೊಡುತ್ತಿದ್ದ ಕೊಂಬಿಗೆ ಆ ಹೆಸರು. ಅದು ಸೈನ್ಯದ ಬ್ಯೂಗಲ್ಲಿನ ಬಂಧು. 1810ರಲ್ಲಿ ಡಬ್ಲಿನ್ನಿನ ಜೋಸೆಫ್ ಹ್ಯಾಲಿಡೇ ಬ್ಯೂಗಲ್ಲಿಗೆ ತೂತು ಕೊರೆದು ಕೀಲಿಗಳನ್ನು ಕೂರಿಸಿದ. 1814-18ರ ಸುಮಾರಿಗೆ ಜರ್ಮನಿಯಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಅನ್ನುವವರು ವಾಲ್ವು ತಂದರು. 1830ರ ದಶಕದ ಹೊತ್ತಿಗೆ ಬವೇರಿಯಾ ಕಡೆ ವಾಲ್ವಿನ ಫ್ಲೂಗಲ್‌ಹಾರ್ನು ತಯಾರಾಯಿತು. 1840ರ ದಶಕದಲ್ಲಿ ಅಡಾಲ್ಫ್ ಸ್ಯಾಕ್ಸ್, ಹೌದು ಸ್ಯಾಕ್ಸೋಫೋನಿನ ಅದೇ ಪುಣ್ಯಾತ್ಮ, ಇದೇ ಜಾತಿಯ ವಾದ್ಯಗಳ ದೊಡ್ಡ ಸಂಸಾರವನ್ನೇ ಸ್ಯಾಕ್ಸ್‌ಹಾರ್ನ್ ಅಂತ ಮಾಡಿ ಪೇಟೆಂಟ್ ಪಡೆದ. ಟ್ರಂಪೆಟ್ಟಿನದ್ದೊಂದು ವಂಶ, ಫ್ಲೂಗಲ್ಲಿನದ್ದೊಂದು ವಂಶ. ಇಬ್ಬರ ಬಾಯಿಯ ಅಳತೆ ಹೊಂದಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ, ಹೊಳೆಯಬೇಕಾದ ಅಗತ್ಯವೂ ಇರಲಿಲ್ಲ.

ಈ ಬ್ಯಾಂಡುಗಳು ನಮ್ಮಲ್ಲಿಗೆ ಬಂದದ್ದು ದಂಡಿನ ಜೊತೆ. 1809ರಲ್ಲಿ ಬ್ರಿಟಿಷರ ದಂಡು ಶ್ರೀರಂಗಪಟ್ಟಣ ಬಿಟ್ಟು ಬೆಂಗಳೂರಿಗೆ ಬಂದ ಮೇಲೆ ಕಂಟೋನ್ಮೆಂಟ್ ಬೆಳೆಯಿತು, ರೆಜಿಮೆಂಟುಗಳ ಬ್ಯಾಂಡೂ ಬಂತು. ಕಬ್ಬನ್ ಪಾರ್ಕಿನ ಎಂಟು ಮೂಲೆಯ ಬ್ಯಾಂಡ್ ಸ್ಟ್ಯಾಂಡನ್ನು ನೀವೆಲ್ಲ ನೋಡಿರುತ್ತೀರಿ, ಅದರ ಮುಂದೆ ಕಡ್ಲೇಕಾಯಿ ತಿಂದೂ ಇರುತ್ತೀರಿ.

ಆ ಕಾಲದ ಮಿಲಿಟರಿ ಬ್ಯಾಂಡುಗಳ ಅವಸ್ಥೆ ತಿಳಿಯಬೇಕಾದರೆ 1854ರ ಒಂದು ಪ್ರಸಂಗ ಸಾಕು. ಕ್ರೈಮಿಯಾ ಯುದ್ಧದ ಸಮಯ. ಇಸ್ತಾಂಬುಲ್ ಎದುರಿನ ಸ್ಕುಟಾರಿಯಲ್ಲಿ ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬಕ್ಕೆ ಬ್ರಿಟಿಷ್ ಸೈನ್ಯದ ಕವಾಯತು. ಸುಮಾರು ಇಪ್ಪತ್ತು ಬ್ಯಾಂಡುಗಳು ಒಟ್ಟಿಗೆ ರಾಷ್ಟ್ರಗೀತೆ ಶುರು ಮಾಡಿದವು. ಒಬ್ಬೊಬ್ಬರ ಶ್ರುತಿ ಒಂದೊಂದು, ಒಬ್ಬೊಬ್ಬರ ಜೋಡಣೆ ಒಂದೊಂದು. ಬೇರೆ ದೇಶದ ಸೇನಾಧಿಕಾರಿಗಳ ಮುಂದೆ ಮಾನ ಹೋಯಿತು. (ಓದಿದಾಗ ನನ್ನ ರಾಜ್ಯೋತ್ಸವ ನೆನಪಾಗಿ ಸ್ವಲ್ಪ ಸಮಾಧಾನವೂ ಆಯಿತು ಅನ್ನಿ.) ಇದರ ಫಲವಾಗಿ 1857ರಲ್ಲಿ ಲಂಡನ್ ಹತ್ತಿರದ ನೆಲ್ಲರ್ ಹಾಲ್‌ನಲ್ಲಿ ಮಿಲಿಟರಿ ಸಂಗೀತ ಶಾಲೆ ಶುರುವಾಯಿತು. ಶ್ರುತಿ, ಬರವಣಿಗೆ, ಪಾಠ, ಎಲ್ಲವನ್ನೂ ಒಂದು ಕ್ರಮಕ್ಕೆ ತರುವ ಕೆಲಸ ಹೀಗೆ ಮೊದಲಾಯಿತು. ತುಟಿಯ ಅಳತೆ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ.

ಮೈಸೂರಿಗೆ ಬನ್ನಿ. ಅರಮನೆಯಲ್ಲಿ ಕರ್ನಾಟಕ ಸಂಗೀತದ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎರಡೂ ಇದ್ದವು. ನಾಲ್ವಡಿ ಕೃಷ್ಣರಾಜ ಒಡೆಯರು ತಾವೇ ಹಲವು ವಾದ್ಯ ಬಲ್ಲವರು. ಆಸ್ಥಾನದ ವಿದ್ವಾಂಸರಿಗೆ ಪಾಶ್ಚಾತ್ಯ ಸಂಗೀತದ ಪರಿಚಯ ಆಗಬೇಕು ಅಂತ ಬಯಸಿದವರು. ಅರಮನೆಯ ಆರ್ಕೆಸ್ಟ್ರಾ ನಡೆಸಲು ಜರ್ಮನಿಯ ಒಟ್ಟೋ ಸ್ಮಿತ್ ಇದ್ದರು. ಜಯಚಾಮರಾಜ ಒಡೆಯರಂತೂ ಪಾಶ್ಚಾತ್ಯ ಸಂಗೀತದಲ್ಲಿ ಪರೀಕ್ಷೆ ಕಟ್ಟಿ ಪಾಸಾದವರು. ಸಂಸ್ಥಾನ ವಿಲೀನವಾದ ಮೇಲೆ ಆ ಬ್ಯಾಂಡಿನ ಪರಂಪರೆ ಪೊಲೀಸ್ ಇಲಾಖೆಗೆ ಬಂತು. ಈಗಲೂ ದಸರಾ ಬಂದರೆ ಅರಮನೆಯ ಮುಂದೆ ಪೊಲೀಸ್ ಬ್ಯಾಂಡು, ಕರ್ನಾಟಕ ಮತ್ತು ಇಂಗ್ಲಿಷ್ ಎರಡೂ, ನುಡಿಸುತ್ತವೆ.

ಆ ಅರಮನೆ ಬ್ಯಾಂಡಿನಿಂದಲೇ ಇನ್ನೊಂದು ಕಥೆ ಹುಟ್ಟಿತು. ಬಂಟ್ವಾಳ ತಾಲ್ಲೂಕಿನ ನಾಗಸ್ವರದ ಮನೆತನದ ಹುಡುಗನೊಬ್ಬ ಮೈಸೂರಿನಲ್ಲಿ ಆ ಬ್ಯಾಂಡಿನ ಸ್ಯಾಕ್ಸೋಫೋನು ಕೇಳಿ ಮರುಳಾದ. ಕದ್ರಿ ಗೋಪಾಲನಾಥ್ (1949-2019). ಸೀವಾಳಿಗೆ ಪಳಗಿದ ಬಾಯಿಯನ್ನು ಸ್ಯಾಕ್ಸೋಫೋನಿನ ಮೌತ್‌ಪೀಸಿಗೆ ಪಳಗಿಸಿ, ಅದರಲ್ಲಿ ಗಮಕ ತೆಗೆಯೋಕೆ ಅವರು ವರ್ಷಗಟ್ಟಲೆ ಸಾಧನೆ ಮಾಡಬೇಕಾಯಿತು. ಆಮೇಲೆ 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲೂ ನುಡಿಸಿದರು. ಒಂದು ವಾದ್ಯದಿಂದ ಇನ್ನೊಂದಕ್ಕೆ ಹೋಗುವುದು ಅಂದರೆ ಬೆರಳಿನ ಪಾಠ ಮಾತ್ರ ಅಲ್ಲ, ಬಾಯಿಯ ಪಾಠ ಕೂಡ ಅನ್ನೋದಕ್ಕೆ ಕನ್ನಡ ನಾಡಿನಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಆದರೆ ಸಾಮಾನ್ಯ ಬ್ಯಾಂಡಿನವನ ಸ್ಥಿತಿ ಬೇರೆ. ಮೇಷ್ಟ್ರ ಮಾತಲ್ಲೇ ಕೇಳಿ:

"ಸ್ಟೋರಿಂದ ವಾದ್ಯ ಕೊಡೋರು. ಪುಸ್ತಕದಲ್ಲಿ ಸೈನು. ಟ್ರಂಪೆಟ್ ಒಂದು, ಮೌತ್‌ಪೀಸ್ ಒಂದು, ಪೆಟ್ಟಿಗೆ ಒಂದು. ವಾಪಸ್ ಕೊಡುವಾಗ ಮೂರೂ ವಾಪಸ್. ನಾನು ಸೇರಿ ನಾಲ್ಕು ವರ್ಷಕ್ಕೆ ಫ್ಲೂಗಲ್ ನುಡಿಸೋರು ರಿಟೈರ್ ಆದ್ರು. ನಾಳೆಯಿಂದ ನೀನು ಫ್ಲೂಗಲ್ ಅಂದ್ರು. ಟ್ರಂಪೆಟ್ಟು ಹೋಯ್ತು, ಅದರ ಜೊತೆ ಮೌತ್‌ಪೀಸೂ ಹೋಯ್ತು. ಆರು ತಿಂಗಳಾದ ಮೇಲೆ ಒಂದು ಪರೇಡಿಗೆ ಟ್ರಂಪೆಟ್ಟಿನವರು ರಜಾ, ನೀನೇ ಊದು ಅಂತ ಆರ್ಡರು. ಊದಿದೆ. ನಿನ್ನ ರಾಜ್ಯೋತ್ಸವದ ಥರಾನೇ ಆಯ್ತು. ತುಟಿ ಕೆಟ್ಟಿದೆ ಅಂತ ಬರೆದ್ರು. ಅಲ್ಲಿಂದ ಮೇಲೆ ನನಗೆ ಟ್ರಂಪೆಟ್ ಕೊಡಲಿಲ್ಲ. ವಾದ್ಯ ಸರ್ಕಾರದ್ದು, ತುಟಿ ನಮ್ಮದು. ತಪ್ಪು ಅಂತ ಬಂದ್ರೆ ನಮ್ಮದರ ಮೇಲೇ ತಾನೆ ಬರೋದು."

ಇದನ್ನು ಅವರು ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಈಗ ನಮ್ಮ ಕಥಾನಾಯಕ. ಇವನೂ ನಮ್ಮವನೇ, ಅಂದರೆ ಇಂಜಿನಿಯರ್! ವಿಯೆನ್ನಾ ಹತ್ತಿರದ ಬಾಡೆನ್ ಊರಿನಲ್ಲಿ 1890ರಲ್ಲಿ ಹುಟ್ಟಿದ ವಿನ್ಸೆಂಟ್ ಶ್ರೋಟೆನ್‌ಬಾಖ್ ಓದಿದ್ದು ಇಂಜಿನಿಯರಿಂಗು, ಮನಸ್ಸು ಕೊಟ್ಟದ್ದು ಟ್ರಂಪೆಟ್ಟಿಗೆ. ಹೆಸರನ್ನು ವಿನ್ಸೆಂಟ್ ಬಾಖ್ ಅಂತ ಮೊಟಕು ಮಾಡಿಕೊಂಡು 1914ರಲ್ಲಿ ಅಮೆರಿಕಕ್ಕೆ ಹೋದ, ಬೋಸ್ಟನ್ ಸಿಂಫನಿಯಲ್ಲಿ ನುಡಿಸಿದ. ಒಮ್ಮೆ ಊರೂರು ಸುತ್ತುವಾಗ ಪಿಟ್ಸ್‌ಬರ್ಗಿನಲ್ಲಿ ತನ್ನ ಮೌತ್‌ಪೀಸನ್ನು ಸರಿ ಮಾಡಿಸಲು ಕೊಟ್ಟ. ರಿಪೇರಿಯವನು ಅದನ್ನು ಕೆಡಿಸಿಟ್ಟ. ಎಷ್ಟು ಹುಡುಕಿದರೂ ಅದೇ ಅಂಚಿನ ಇನ್ನೊಂದು ಸಿಗಲಿಲ್ಲ.

ನಾವಾಗಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆವು. ಆತ 1918ರಲ್ಲಿ 300 ಡಾಲರ್ ಕೊಟ್ಟು ಕಾಲಲ್ಲಿ ತುಳಿಯುವ ಒಂದು ಲೇತ್ ಕೊಂಡ. ನ್ಯೂಯಾರ್ಕಿನ ಒಂದು ವಾದ್ಯದಂಗಡಿಯ ಹಿಂಭಾಗದಲ್ಲಿ ಕೂತು ಮೌತ್‌ಪೀಸ್ ಕಡೆಯತೊಡಗಿದ. ಆತ ಮಾಡಿದ ದೊಡ್ಡ ಕೆಲಸ ಒಳ್ಳೆಯ ಮೌತ್‌ಪೀಸು ಮಾಡಿದ್ದಲ್ಲ, ಒಂದೇ ಥರದ ಮೌತ್‌ಪೀಸನ್ನು ಮತ್ತೆ ಮತ್ತೆ ಮಾಡಿದ್ದು. ಕಳೆದುಹೋದರೆ ಅಂಥದ್ದೇ ಇನ್ನೊಂದು ಸಿಗಬೇಕು. ಅದಕ್ಕೆ ಹೆಸರಿಡಬೇಕು. ಅಂಕಿ ಅಗಲಕ್ಕೆ, ಅಕ್ಷರ ಆಳಕ್ಕೆ. ಅಂಕಿ ಸಣ್ಣದಾದಷ್ಟೂ ಅಗಲ ಜಾಸ್ತಿ. ಎ ಅಂದರೆ ಆಳವಾದ ಕಪ್, ಮುಂದೆ ಹೋದ ಹಾಗೆ ಮೇಲು ಮೇಲು. ಟ್ರಂಪೆಟ್ ಕಲಿಯುವವರೆಲ್ಲ ಮಂತ್ರದ ಹಾಗೆ ಹೇಳುವ 7ಸಿ, 3ಸಿ, 1ಸಿ ಇವೆಲ್ಲ ಆ ಲೆಕ್ಕದ್ದೇ.

ಅಂದರೆ ಒಂದೇ ಹೆಸರಿನೊಳಗೆ ಎರಡು ಬೇರೆ ಬೇರೆ ಸಂಗತಿಗಳು. ಅಂಕಿ ತುಟಿಯ ಕಡೆಗೆ ಮುಖ ಮಾಡಿದೆ, ಅಕ್ಷರ ವಾದ್ಯದ ಕಡೆಗೆ. ನಮ್ಮ ಕೋಡಿನ ಭಾಷೆಯಲ್ಲಿ ಹೇಳಬೇಕಾದರೆ ಇಂಟರ್‌ಫೇಸು ಬೇರೆ, ಇಂಪ್ಲಿಮೆಂಟೇಶನ್ನು ಬೇರೆ. ಈ ಎರಡನ್ನೂ ಬಿಡಿಸಿ ನೋಡಿದ ಮೇಲಷ್ಟೇ "ರಿಮ್ ಅದೇ ಇರಲಿ, ಕಪ್ ಮಾತ್ರ ಬದಲಿಸಿ" ಅಂತ ಕೇಳಲು ಸಾಧ್ಯ ಆಗಿದ್ದು. ಅದಕ್ಕೂ ಮೊದಲು ಕೇಳಲು ಪದವೇ ಇರಲಿಲ್ಲ.

ಆದರೆ ಕೇಳುವವರು ಬೇಕಲ್ಲ? ಅವರು ಬಂದದ್ದು 1950ರ ದಶಕದ ಕೊನೆಗೆ, ಜಾಝ್ ಕಡೆಯಿಂದ. 1957ರಲ್ಲಿ ಮೈಲ್ಸ್ ಡೇವಿಸ್, ಗಿಲ್ ಎವನ್ಸ್ ಜೊತೆ ಮಾಡಿದ ಮೈಲ್ಸ್ ಅಹೆಡ್ ಬಂತು, ಅದರಲ್ಲಿ ಆತ ನುಡಿಸಿದ್ದು ಫ್ಲೂಗಲ್‌ಹಾರ್ನು. ಅದೇ ಕಾಲಕ್ಕೆ ಕ್ಲಾರ್ಕ್ ಟೆರಿ ಫ್ಲೂಗಲ್ಲನ್ನೇ ತನ್ನ ಗುರುತಾಗಿಸಿಕೊಂಡ. ಅಲ್ಲಿಂದ ಮುಂದೆ ಟ್ರಂಪೆಟ್ ನುಡಿಸುವವನು ಕುರ್ಚಿಯ ಪಕ್ಕ ಒಂದು ಫ್ಲೂಗಲ್ಲನ್ನೂ ಇಟ್ಟುಕೊಳ್ಳುವುದು ರೂಢಿಯಾಯಿತು. ಬ್ಯಾಂಡಿನಲ್ಲಿ ಒಬ್ಬ ಟ್ರಂಪೆಟ್, ಇನ್ನೊಬ್ಬ ಫ್ಲೂಗಲ್ ಇದ್ದಾಗ ಇಲ್ಲದ ಸಮಸ್ಯೆ ಈಗ ಬಂತು. ಒಂದೇ ತುಟಿ, ಹತ್ತು ಸೆಕೆಂಡಿನಲ್ಲಿ ವಾದ್ಯ ಬದಲಿಸಬೇಕು.

ಕಂಪನಿಗಳು ಎರಡಕ್ಕೂ ಒಂದೇ ರಿಮ್ ಅಂಕಿಯ ಜೋಡಿಗಳನ್ನು ಮಾಡತೊಡಗಿದವು. ನ್ಯೂಯಾರ್ಕಿನ ಗಿಯಾರ್ಡಿನೆಲ್ಲಿ ಅಂಗಡಿ ತಿರುಪಿನ ರಿಮ್ಮಿಗೆ ಹೆಸರಾಯಿತು. ರಿಮ್ ಒಂದೇ, ಕೆಳಗಿನ ಕಪ್ಪನ್ನು ಮಾತ್ರ ಬಿಚ್ಚಿ ಬದಲಿಸಬಹುದು. ಇನ್ನೂ ಮುಂದೆ ಹೋದವನು ಆರ್ಟ್ ಫಾರ್ಮರ್. ಈ ಎರಡು ದೋಣಿಯ ಪಯಣವೇ ಬೇಡ ಅಂತ 1960ರ ದಶಕದಲ್ಲಿ ಬಹುಪಾಲು ಫ್ಲೂಗಲ್ಲಿಗೇ ಬಂದುಬಿಟ್ಟ. 1989ರಲ್ಲಿ ಡೇವಿಡ್ ಮೊನೆಟ್ ಆತನಿಗಾಗಿ ಟ್ರಂಪೆಟ್ಟನ್ನೂ ಫ್ಲೂಗಲ್ಲನ್ನೂ ಬೆರೆಸಿ ಒಂದೇ ವಾದ್ಯ ಮಾಡಿಕೊಟ್ಟ. ಅದರ ಹೆಸರು ಫ್ಲಂಪೆಟ್. ನಗಬೇಡಿ, ನಿಜ.

ಹಾಗಾದರೆ ಒಂದೇ ಅಂಕಿಯ ಎರಡು ಮೌತ್‌ಪೀಸ್ ಕೊಂಡರೆ ಮುಗೀತಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲಿ ಮೂರು ಗುಂಡಿಗಳಿವೆ.

ಮೊದಲನೆಯದು ಅಂಕಿಯೇ. ಬಾಖ್ ಲೆಕ್ಕದಲ್ಲಿ ಸಣ್ಣ ಅಂಕಿ ಅಗಲ, ಯಮಹಾ ಮತ್ತು ಶಿಲ್ಕೆ ಲೆಕ್ಕದಲ್ಲಿ ದೊಡ್ಡ ಅಂಕಿ ಅಗಲ. ಒಂದು ಕಂಪನಿಯ ಅಂಕಿ ಹಿಡಿದು ಇನ್ನೊಂದರಲ್ಲಿ ಹುಡುಕಿದರೆ ಕೆಟ್ಟಿರಿ.

ಎರಡನೆಯದು ಅಳತೆ. ಬಾಖ್ ಪಟ್ಟಿಯಲ್ಲಿ 1ಸಿ 17.00 ಮಿ.ಮೀ., 3ಸಿ 16.30, 7ಸಿ 16.20. ಅಂದರೆ 3ಸಿಗೂ 7ಸಿಗೂ ಹತ್ತನೇ ಒಂದು ಮಿಲಿಮೀಟರು, ಹೆಚ್ಚುಕಡಿಮೆ ಒಂದು ದಪ್ಪ ಕೂದಲಿನಷ್ಟು! ಆದರೂ ಎರಡನ್ನೂ ಬಾಯಿಗಿಟ್ಟರೆ ಆಕಾಶ ಭೂಮಿ ಅನ್ನಿಸುತ್ತದೆ. ಯಾಕೆಂದರೆ ರಿಮ್ ಅಂದರೆ ಬರೀ ಅಗಲ ಅಲ್ಲ. ಒಳ ಅಂಚು ಚೂಪಾಗಿದೆಯೋ ದುಂಡಗಿದೆಯೋ, ಬಳೆಯ ಅತಿ ಎತ್ತರದ ಜಾಗ ಒಳಗಡೆ ಇದೆಯೋ ಹೊರಗಡೆಯೋ, ಬಳೆ ಎಷ್ಟು ದಪ್ಪ, ಇವೆಲ್ಲ ತುಟಿಗೆ ಗೊತ್ತಾಗುತ್ತವೆ. ಸಾಲದ್ದಕ್ಕೆ ಕಪ್ಪಿನ ಆಕಾರ ಬದಲಾದರೆ ರಿಮ್ ಅದೇ ಇದ್ದರೂ ಬೇರೆ ಅನ್ನಿಸುತ್ತದೆ. ಫ್ಲೂಗಲ್ಲಿನ ಆಲಿಕೆಯ ಗೋಡೆ ತುಟಿಯ ಕೆಳಗಿಂದ ಜಾರಿಕೊಂಡು ಹೋಗುವ ರೀತಿಯೇ ಬೇರೆ. ಹಾಗಾಗಿ ಕೆಲವರು ಬೇಕಂತಲೇ ಫ್ಲೂಗಲ್ಲಿಗೆ ಒಂದು ಕೂದಲು ಹೆಚ್ಚೋ ಕಡಿಮೆಯೋ ಇಟ್ಟುಕೊಳ್ಳುತ್ತಾರೆ, ಅಂಕಿ ಒಂದಾಗುವುದಕ್ಕಿಂತ ಅನುಭವ ಒಂದಾಗಲಿ ಅಂತ. ಅವರದ್ದೂ ತಪ್ಪಲ್ಲ.

ಮೂರನೆಯದು ಶ್ಯಾಂಕ್. ಫ್ಲೂಗಲ್ಲಿನಲ್ಲಿ ಮುಖ್ಯವಾಗಿ ಮೂರು ಥರ: ಫ್ರೆಂಚ್, ಸಣ್ಣ ಮೋರ್ಸ್, ದೊಡ್ಡ ಮೋರ್ಸ್. ಫ್ರಾನ್ಸಿನ ಹಳೇ ಕೂಸ್ನೋ ವಾದ್ಯಕ್ಕೆ ಬೇರೆ ಬಾಲದ ಮೌತ್‌ಪೀಸ್ ತೂರಿಸಿದರೆ ಒಂದೋ ಅಲುಗಾಡುತ್ತದೆ, ಇಲ್ಲವೇ ಅರ್ಧಕ್ಕೇ ನಿಲ್ಲುತ್ತದೆ. ಫ್ಲೂಗಲ್ಲಿನಲ್ಲಿ ಶ್ರುತಿ ಮಾಡುವುದೂ ಬಾಯಿ ಕಡೆಯ ಕೊಳವೆಯನ್ನು ಜರುಗಿಸಿಯೇ. ಅಲ್ಲೇ ಸಡಿಲವಾದರೆ ಶ್ರುತಿಯ ಗತಿ ದೇವರಿಗೇ ಪ್ರೀತಿ.

ಮೋರ್ಸ್ ಅನ್ನುವ ಪದ ನೋಡಿ ನಾನು ಎದ್ದು ಕೂತೆ. ಮೋರ್ಸ್ ಟೇಪರ್! ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ಲೇತಿನ ಹಿಂಬದಿಗೆ ಡ್ರಿಲ್ ತೂರಿಸುವಾಗ ಕೇಳಿದ್ದೆವಲ್ಲ, ಅದೇ. 1860ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಮೋರ್ಸ್ ಡ್ರಿಲ್ಲುಗಳಿಗಾಗಿ ಮಾಡಿದ್ದು. ಸುಮಾರು ಇಪ್ಪತ್ತಕ್ಕೆ ಒಂದರಷ್ಟು ಸಣ್ಣಗಾಗುತ್ತಾ ಹೋಗುವ ಆ ಬಾಲವೇ ಟ್ರಂಪೆಟ್ಟಿನ ಮೌತ್‌ಪೀಸಿಗೂ ಬಂದಿದೆ. ಲೇತ್ ಮೇಲೆ ಹುಟ್ಟಿದ ವಸ್ತು ಲೇತಿನ ಭಾಷೆಯನ್ನೇ ಕಲಿತಿದೆ.

ಲೇತ್ ಅಂದ ಮೇಲೆ ನಾವು ದೂರ ಹೋಗಬೇಕೇ? 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಶುರುವಾಗಿ ಮೊದಲು ಮಾಡಿದ್ದೇ ಲೇತ್, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ. ಆಮೇಲೆ ಪಕ್ಕದಲ್ಲಿ ಪೀಣ್ಯ ಎದ್ದು ನಿಂತಿತು. ಹೆಸರಘಟ್ಟ ರಸ್ತೆ ಹಿಡಿದು ಎಂಟನೇ ಮೈಲಿ ದಾಟಿದರೆ ಪೀಣ್ಯ. ಒಂದು ಶನಿವಾರ ಮೌತ್‌ಪೀಸುಗಳನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಹೊರಟೆ.

ನಾಲ್ಕು ಶೆಡ್ಡಿನವರು "ಒಂದು ಪೀಸಿಗೆಲ್ಲ ಮಾಡಲ್ಲ ಸಾರ್" ಅಂದರು. ಐದನೆಯ ಶೆಡ್ಡಿನ ಹಿರಿಯ ಟರ್ನರೊಬ್ಬರು ಕೈಗೆ ತೆಗೆದುಕೊಂಡು "ಏನ್ ಸಾರ್ ಇದು, ದೀಪದ ಬಟ್ಲಾ?" ಅಂದರು. ವಿವರಿಸಿದೆ. ಟ್ರಂಪೆಟ್ ಮೌತ್‌ಪೀಸಿನ ರಿಮ್ಮನ್ನೇ ನಕಲು ಮಾಡಿ, ಫ್ಲೂಗಲ್ ಮೌತ್‌ಪೀಸಿನ ತಲೆ ಕೊಯ್ದು, ಅದರ ಮೇಲೆ ತಿರುಪಿನಿಂದ ಕೂರಿಸಬೇಕು. ವರ್ನಿಯರ್ ಹಿಡಿದರು. ನನ್ನ ಟ್ರಂಪೆಟ್ಟಿನದು 16.3. ಫ್ಲೂಗಲ್ಲಿನದು, ಗೆಳೆಯ ಎಲ್ಲಿಂದ ತಂದಿದ್ದನೋ, 15.9, ಒಳ ಅಂಚು ಬ್ಲೇಡಿನ ಹಾಗೆ. ಇಪ್ಪತ್ತು ನಿಮಿಷ ಅದನ್ನು ಊದಿದ ಮೇಲೆ ಟ್ರಂಪೆಟ್ ನನ್ನ ತುಟಿಗೆ ಯಾಕೆ ಹೊಸಬನ ಥರ ಕಂಡಿತು ಅಂತ ಆಗ ಅರ್ಥವಾಯಿತು.

ಮೊದಲನೇ ರಿಮ್ ಅಳತೆಗೆ ಸರಿಯಾಗಿತ್ತು, ಬಾಯಿಗೆ ಆಗಲಿಲ್ಲ. 16.3 ಅಂದರೆ 16.3. ಆದರೆ ಒಳ ಅಂಚನ್ನು ಅವರು ಚೆಂದಕ್ಕೆ ಅಂತ ದುಂಡಗೆ ಮಾಡಿದ್ದರು, ತುಟಿಗೆ 17ರ ಹಾಗೆ ಅನ್ನಿಸಿತು. ಎರಡನೆಯದಕ್ಕೆ ಮೇಣದಲ್ಲಿ ಅಂಚಿನ ಅಚ್ಚು ತೆಗೆದು, ಅದಕ್ಕೆ ತಗಡಿನ ಗೇಜು ಕತ್ತರಿಸಿ, ಬೆಳಕಿಗೆ ಹಿಡಿದು ನೋಡಿದರು. ಸಂದಿಯಲ್ಲಿ ಬೆಳಕು ಕಂಡಿತು. ಮೂರನೆಯದರಲ್ಲಿ ಕಾಣಲಿಲ್ಲ. "ಈಗ ಊದಿ ಸಾರ್" ಅಂದರು. ಶೆಡ್ಡಿನ ಬಾಗಿಲಲ್ಲೇ ನಿಂತು ಒಂದು ಸ್ವರ ಊದಿದೆ. ಪಕ್ಕದ ಪ್ರೆಸ್ಸಿನ ಹುಡುಗರು ಕೆಲಸ ಬಿಟ್ಟು ನೋಡಿದರು. ಬರಿ ಹಿತ್ತಾಳೆ ತುಟಿಗೆ ಒಳ್ಳೆಯದಲ್ಲ ಅಂತ ನಗರ್ತಪೇಟೆಯಲ್ಲಿ ಬೆಳ್ಳಿ ಏರಿಸಿಕೊಂಡು ಬಂದೆ.

ಮೇಷ್ಟ್ರಿಗೆ ತೋರಿಸೋಕೆ ಹೋದಾಗ ವರ್ನಿಯರನ್ನೂ ತೆಗೆದುಕೊಂಡು ಹೋಗಿದ್ದೆ. ಅವರು ಒಳಗಿನಿಂದ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ತಂದರು. ಅದರಲ್ಲಿ ಎರಡು ಮೌತ್‌ಪೀಸು. ಅದೇ ಟ್ರಂಪೆಟ್ಟಿನದು, ಅದೇ ಫ್ಲೂಗಲ್ಲಿನದು. ಎಷ್ಟೋ ವರ್ಷಗಳಾದ ಮೇಲೆ ಕಂಡಮ್ ಸಾಮಾನಿನ ಹರಾಜಿನಲ್ಲಿ ಎರಡನ್ನೂ ತಾವೇ ಕೂಗಿ ತಂದಿದ್ದರಂತೆ. ಯಾಕೆ ಅಂತ ನಾನು ಕೇಳಲಿಲ್ಲ.

ಅಳೆದೆ. ಅಂಚಿನಿಂದ ಸುಮಾರು ಒಂದು ಮಿಲಿಮೀಟರು ಒಳಗೆ, ಟ್ರಂಪೆಟ್ಟಿನದು 16.2. ಫ್ಲೂಗಲ್ಲಿನದು 17ಕ್ಕೆ ಒಂದು ಕೂದಲು ಮೇಲೆ. ಮತ್ತೊಮ್ಮೆ ಅಳೆದೆ, ಅಷ್ಟೇ ಬಂತು. ಮುಕ್ಕಾಲು ಮಿಲಿಮೀಟರಿಗೂ ಹೆಚ್ಚು ವ್ಯತ್ಯಾಸ. ನನ್ನದರ ಎರಡರಷ್ಟು.

"ಸಾರ್, ಇದರಲ್ಲಿ ಆರು ತಿಂಗಳು ಊದಿ, ಒಂದು ಬೆಳಿಗ್ಗೆ ಅದಕ್ಕೆ ಹೋದರೆ ಯಾರ ತುಟಿಯಾದ್ರೂ ಒಡೆಯುತ್ತೆ" ಅಂದೆ.

ಸ್ವಲ್ಪ ಹೊತ್ತು ಮಾತಾಡಲಿಲ್ಲ. ವರ್ನಿಯರನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಗೆರೆಗಳನ್ನು ತಾವೇ ಒಮ್ಮೆ ಎಣಿಸಿದರು. ಆಮೇಲೆ ಕೇಳಿದರು:

"ಹಂಗಾದ್ರೆ ತುಟಿ ಸರಿ ಇತ್ತು ಅನ್ನು."

"ಸರಿ ಇತ್ತು ಸಾರ್."

ಒಳಗಿದ್ದ ಅಮ್ಮನವರನ್ನು ಕರೆದು "ಕಾಫಿ ಮಾಡ್ತೀಯೇನೆ, ಇಬ್ಬರಿಗೂ" ಅಂದರು. ಆ ವಿಷಯ ಮತ್ತೆ ಎತ್ತಲಿಲ್ಲ.

ಗೆಳೆಯರೇ, ಈ ಎರಡು ವಾದ್ಯ ನುಡಿಸುವ ಹುಚ್ಚು ನಿಮ್ಮಲ್ಲಿ ಯಾರಿಗಾದರೂ ಇದ್ದರೆ ನನ್ನ ಅನುಭವದ ಸಾರ ಇಷ್ಟು. ಮೊದಲು ಟ್ರಂಪೆಟ್ಟಿನಲ್ಲಿ ನಿಮ್ಮ ತುಟಿಗೆ ಒಗ್ಗಿದ ರಿಮ್ ಯಾವುದು ಅಂತ ಖಚಿತ ಮಾಡಿಕೊಳ್ಳಿ. ಫ್ಲೂಗಲ್ಲಿಗೆ ಅದೇ ಕಂಪನಿಯ ಅದೇ ರಿಮ್ ಹುಡುಕಿ, ಅಂಕಿ ನಂಬಬೇಡಿ, ಬಾಯಿಗಿಟ್ಟು ನೋಡಿ. ಆಳ, ಗಂಟಲು, ಬಾಲ ಇವೆಲ್ಲ ವಾದ್ಯಕ್ಕೆ ಬೇಕಾದ ಹಾಗೆ ಇರಲಿ, ಟ್ರಂಪೆಟ್ಟಿನ ಕಪ್ಪನ್ನು ಫ್ಲೂಗಲ್ಲಿಗೆ ಹಾಕಿ ಅದರ ಮುಸ್ಸಂಜೆಯನ್ನು ಕೆಡಿಸಬೇಡಿ. ಪ್ರತಿದಿನ ಎರಡನ್ನೂ ಐದೈದು ನಿಮಿಷ ಅದಲುಬದಲು ಮಾಡಿ ಊದಿ. ಮತ್ತೆ, ಸ್ವರ ಒಡೆದರೆ ಮೊದಲು ನಿಮ್ಮನ್ನು ಬೈದುಕೊಳ್ಳಬೇಡಿ. ಒಮ್ಮೆ ಅಳೆದು ನೋಡಿ.

ಅವತ್ತು ಹೊರಡುವಾಗ ನನ್ನ ಹೊಸ ರಿಮ್ಮನ್ನು ಮೇಷ್ಟ್ರು ತಮ್ಮ ತುಟಿಗಿಟ್ಟುಕೊಂಡು ನೋಡಿದರು. ಹಲ್ಲು ಕಟ್ಟಿಸಿಕೊಂಡ ಮೇಲೆ ಅವರು ಊದುವುದನ್ನು ಬಿಟ್ಟಿದ್ದಾರೆ. ಮುಖ ಹಿಂಡಿ ವಾಪಸ್ ಕೊಟ್ಟರು.

"ನಂಗೆ ಒಂಚೂರೂ ಹಿಡಿಸ್ಲಿಲ್ಲ" ಅಂದರು. "ಹಿಡಿಸಬಾರದು. ಇದು ನಿಂದು."

ಬರುವ ನವೆಂಬರ್ 1ಕ್ಕೆ ಅಧ್ಯಕ್ಷರ ಹತ್ತಿರ ಇನ್ನೊಂದು ಅವಕಾಶ ಕೇಳಿದ್ದೇನೆ. ಆ ಪುಟ್ಟ ಹುಡುಗನನ್ನು ಮುಂದಿನ ಸಾಲಿನಲ್ಲೇ ಕೂರಿಸಿ ಅಂತಲೂ ಹೇಳಿದ್ದೇನೆ :)